ಯಂತ್ರಮಾನವನ ವಾಹನವೇಷ

1984ನೆಯ ಇಸವಿಯಲ್ಲಿ ಅಮೆರಿಕದ ಆಟಿಕೆಯಂಗಡಿಗಳಿಗೆ ಹೊಸದಾಗಿ ಬಂದ ‘ಟ್ರಾನ್ಸ್‌ಫಾರ್ಮರ್ಸ್’ ಎಂಬ ಸರಣಿಯಲ್ಲಿ ಕೆಂಪು ಬಣ್ಣದ ಕಾರೊಂದಿದ್ದಿತು. ಬೆಣೆಯಂತೆ ಚೂಪಾದ ಅದರ ಮೂತಿಯನ್ನೂ ನೆಲಕ್ಕೆ ಒರಗಿದಂತಿದ್ದ ಅದರ ಮೈಕಟ್ಟನ್ನೂ ಕಂಡವರಲ್ಲಿ ಕಾರುಗಳ ವಿಷಯವನ್ನು ಅಷ್ಟಿಷ್ಟು ಬಲ್ಲವರಾರಿಗೂ ಅದು ಇಟಲಿಯ ಲ್ಯಾಂಬೊರ್ಗಿನಿ ಸಂಸ್ಥೆಯ ಕೌಂಟಾಚ್ ಎಂಬುದರಲ್ಲಿ ಸಂದೇಹ ಹುಟ್ಟುವಂತಿರಲಿಲ್ಲ. ಆದರೆ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಹೆಸರು ‘ಸೈಡ್‌ಸ್ವೈಪ್’ ಎಂದು. ಲ್ಯಾಂಬೊರ್ಗಿನಿಯ ಹೆಸರಾಗಲಿ, ಅದರ ಗೂಳಿಯ ಲಾಂಛನವಾಗಲಿ ಅಲ್ಲಿ ಇರಲಿಲ್ಲ. ರೂಪವನ್ನು ಪೂರ್ಣವಾಗಿ ತೆಗೆದುಕೊಂಡು ನಾಮವನ್ನು ಸಂಪೂರ್ಣವಾಗಿ ಬಿಟ್ಟ ಈ ವ್ಯವಹಾರ ಅಂದಿಗೆ ಯಾರಿಗೂ ವಿಚಿತ್ರವೆನಿಸಲಿಲ್ಲ. ಅಲ್ಲಿಂದ ಎರಡು ದಶಕಗಳು ಕಳೆಯುವಷ್ಟರಲ್ಲಿ, ಕಾರಿನ ಮುಂಭಾಗದ ಜಾಲರಿಯೂ ದೀಪಗಳ ಆಕಾರವೂ ಕೂಡ ಒಡೆತನದ ವಸ್ತುಗಳಾಗಿ, ಅವುಗಳನ್ನು ಆಟಿಕೆಯ ಮೇಲೆ ಮೂಡಿಸುವುದಕ್ಕೆ ಲಿಖಿತ ಪರವಾನಗಿ ಬೇಕಾಯಿತು. ಮುಂದೆ ಕಾರು ತಯಾರಿಸುವ ಸಂಸ್ಥೆಗಳೇ ತಮ್ಮ ವಾಹನಗಳಿಗೆ ಈ ಯಂತ್ರಮಾನವರ ಕಥೆಯಲ್ಲಿ ಸ್ಥಾನ ದೊರೆಯಲೆಂದು ಮುಂದಾಗಿ ಬಂದವು. ಆಟದ ಸಾಮಾನಿನ ಚರಿತ್ರೆಯೆಂದು ಉಪೇಕ್ಷಿಸದೆ ನೋಡಿದರೆ, ನಮ್ಮ ಕಾಲದಲ್ಲಿ ಸ್ವತ್ತು ಎಂಬ ಭಾವನೆ ಎಷ್ಟು ದೂರ ಹಬ್ಬಿತೆಂಬುದು ಈ ಸಣ್ಣ ವಸ್ತುವಿನಲ್ಲಿ ಸ್ಪಷ್ಟವಾಗಿ ಕಾಣುವುದು.

ಈ ಕಥೆಯ ಮೂಲ ಕಾರಿನಲ್ಲಿಲ್ಲ, ಒಂದು ಸೈನಿಕನ ಬೊಂಬೆಯಲ್ಲಿದೆ. ಅಮೆರಿಕದ ರೋಡ್ ಐಲೆಂಡ್ ಪ್ರಾಂತದಲ್ಲಿ ಹ್ಯಾಸೆನ್‌ಫೆಲ್ಡ್ ಸಹೋದರರು 1923ರಲ್ಲಿ ಬಟ್ಟೆಯ ತುಂಡುಗಳ ವ್ಯಾಪಾರವೆಂದು ಆರಂಭಿಸಿ, ಕಾಲಕ್ರಮದಲ್ಲಿ ಆಟಿಕೆಗಳತ್ತ ತಿರುಗಿಸಿದ ಸಂಸ್ಥೆಯೇ ಇಂದಿನ ಹ್ಯಾಸ್ಬ್ರೋ. ಅದು 1964ರಲ್ಲಿ ‘ಜಿ.ಐ. ಜೋ’ ಎಂಬ ಸೈನಿಕನನ್ನು ಮಾರುಕಟ್ಟೆಗೆ ತಂದಿತು. ಮನುಷ್ಯನ ಶರೀರಾಕೃತಿಯನ್ನು ಯಾರೂ ತಮ್ಮದೆಂದು ನೋಂದಾಯಿಸಿಕೊಳ್ಳಲಾರರಾದ್ದರಿಂದ, ಕೃತ್ರಿಮದ ಪ್ರತಿಗಳನ್ನು ಪತ್ತೆಹಚ್ಚಲು ಅನುಕೂಲವಾಗಲೆಂದು ಆ ಬೊಂಬೆಯ ಕೆನ್ನೆಯ ಮೇಲೆ ಒಂದು ಗಾಯದ ಕಲೆಯನ್ನು ಮೂಡಿಸಲಾಗಿದ್ದಿತು. ವೀರಯೋಧನ ಪರಾಕ್ರಮದ ಕುರುಹೆಂದು ಮಕ್ಕಳು ಭಾವಿಸಿದ್ದ ಆ ಕಲೆ ವಾಸ್ತವವಾಗಿ ವಕೀಲರ ಉಪಯೋಗಕ್ಕಾಗಿ ಇದ್ದ ಗುರುತು. ಆಟಿಕೆಯ ಉದ್ಯಮಕ್ಕೆ ವ್ಯಾಪಾರಚಿಹ್ನೆಯ ಪ್ರಜ್ಞೆ ಹೊಸದಾಗಿರಲಿಲ್ಲವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ತನ್ನ ಸ್ವತ್ತನ್ನು ಕಾಯುವುದರಲ್ಲಿ ಅದು ಮೊದಲಿನಿಂದಲೂ ಜಾಗರೂಕವಾಗಿದ್ದಿತು, ಪರರ ಸ್ವತ್ತಿನ ವಿಷಯದಲ್ಲಿ ಮಾತ್ರ ಉದಾರವಾಗಿದ್ದಿತು.

ಈ ಸೈನಿಕನನ್ನು ಜಪಾನಿನಲ್ಲಿ ಮಾರುವ ಹಕ್ಕನ್ನು ಪಡೆದದ್ದು ಟೋಕಿಯೋದ ಟಕಾರಾ ಸಂಸ್ಥೆ. ಅದು ಆ ಬೊಂಬೆಯ ಶರೀರವನ್ನೇ ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು, ಒಳಗಿನ ಯಂತ್ರಾಂಗಗಳು ಹೊರಗೆ ಕಾಣುವಂತೆ ಮಾಡಿ, 1972ರಲ್ಲಿ ‘ಹೆನ್ಶಿನ್ ಸೈಬೋರ್ಗ್’ ಎಂಬ ಹೊಸ ರೂಪವನ್ನು ಕಲ್ಪಿಸಿತು. ಮರುವರ್ಷ ಎಣ್ಣೆಯ ಬಿಕ್ಕಟ್ಟು ತಲೆದೋರಿ ಪ್ಲಾಸ್ಟಿಕ್ಕಿನ ಬೆಲೆ ಏರಿತು. ದೊಡ್ಡ ಬೊಂಬೆಗಳು ದುಬಾರಿಯಾದವು. 1974ರಲ್ಲಿ ಅಂಗೈಯಲ್ಲಿ ಹಿಡಿಯುವಷ್ಟು ಕಿರಿದಾದ ‘ಮೈಕ್ರೋಮ್ಯಾನ್’ ಬಂದನು. 1980ರಲ್ಲಿ ಅವನ ಅನಂತರ ‘ಡಯಾಕ್ಲೋನ್’ ಎಂಬ ಸರಣಿ ಬಂದಿತು. ಅದರ ಕಥೆಯಲ್ಲಿ ಯಂತ್ರಮಾನವನಿಗೆ ಸ್ವಂತ ಜೀವವಿರಲಿಲ್ಲ. ಪಾದದಲ್ಲಿ ಅಯಸ್ಕಾಂತವನ್ನು ಹೊಂದಿದ್ದ ಪುಟ್ಟ ಚಾಲಕನೊಬ್ಬ ಅದರೊಳಗೆ ಕುಳಿತು ಅದನ್ನು ನಡೆಸುವನು.

ಇನ್ನು ಕಾರು ಬಂದ ಬಗೆ. 1975ರಲ್ಲಿ ಸತೋಷಿ ಇಕೆಜಾವಾ ಎಂಬ ಚಿತ್ರಕಥೆಗಾರ, ಮೋಟಾರು ಪಂದ್ಯವನ್ನು ವಸ್ತುವನ್ನಾಗಿ ಮಾಡಿಕೊಂಡು, ಬಾಲಕರ ವಾರಪತ್ರಿಕೆಯೊಂದರಲ್ಲಿ ಧಾರಾವಾಹಿಯನ್ನು ಬರೆಯಲಾರಂಭಿಸಿದನು. ಅದರಲ್ಲಿ ಬರುತ್ತಿದ್ದುದು ಹೆಚ್ಚಾಗಿ ನಿಜವಾದ ಯೂರೋಪಿನ ಕಾರುಗಳು. ಜಪಾನಿನ ಬೀದಿಯಲ್ಲಿ ಅಂತಹ ಕಾರನ್ನು ಕಣ್ಣಾರೆ ಕಾಣುವುದೇ ದುರ್ಲಭವಾಗಿದ್ದ ಕಾಲದಲ್ಲಿ ಶಾಲೆಯ ಹುಡುಗರು ಲ್ಯಾಂಬೊರ್ಗಿನಿ, ಫೆರಾರಿ, ಪೋರ್ಷೆಗಳ ವೇಗವನ್ನೂ ಶಕ್ತಿಯನ್ನೂ ಮಗ್ಗಿಯಂತೆ ಕಂಠಪಾಠ ಮಾಡಿದರು. ಕಾರಿನ ಆಕಾರದ ರಬ್ಬರುಗಳನ್ನು ಕೂಡಿಟ್ಟರು. ಆ ದೇಶ ಅದನ್ನು ‘ಸೂಪರ್ ಕಾರ್’ ಹುಚ್ಚು ಎಂದು ಕರೆಯಿತು. ಈ ತಲೆಮಾರಿನ ಮಕ್ಕಳಿಗೆ ಕಾಲ್ಪನಿಕವಾದ ಕಾರನ್ನು ಮಾರುವುದು ಸಾಧ್ಯವಿರಲಿಲ್ಲ. ಟಕಾರಾ 1982ರಲ್ಲಿ ಡಯಾಕ್ಲೋನ್ ಸರಣಿಯೊಳಗೆ ‘ಕಾರ್ ರೋಬಾಟ್’ ಎಂಬ ಶಾಖೆಯನ್ನು ತೆರೆದಾಗ, ಬಾನೆಟ್ಟು ಎದೆಯಾಗಿ, ಬಾಗಿಲುಗಳು ರೆಕ್ಕೆಯಾಗಿ, ಹಿಂಭಾಗ ಕಾಲುಗಳಾಗಿ ಬಿಚ್ಚಿಕೊಳ್ಳುವ ಆ ಅದ್ಭುತಗಳು ಮಡಚಿಕೊಂಡಾಗ ಅಂಗಡಿಯ ಗಾಜಿನ ಹಿಂದಿರುವ ಅಚ್ಚುಕಟ್ಟಾದ ಮಾದರಿಕಾರಿನಂತೆಯೇ ಕಾಣಬೇಕಾಯಿತು. ಕೋಜಿನ್ ಓನೋ, ಶೋಜಿ ಕವಾಮೊರಿ ಮೊದಲಾದ ವಿನ್ಯಾಸಕಾರರ ಪ್ರತಿಭೆ ಇದ್ದದ್ದು ಈ ಎರಡು ನಿರ್ಬಂಧಗಳ ನಡುವೆ: ಕಾರಾಗಿದ್ದಾಗ ರೋಬಾಟಿನ ಸುಳಿವಿರಬಾರದು, ರೋಬಾಟಾಗಿದ್ದಾಗ ಕಾರಿನ ಗುರುತು ಮರೆಯಾಗಬಾರದು.

ಹೀಗೆ ರೂಪುಗೊಂಡ ಪಟ್ಟಿ ದೀರ್ಘವಾದುದು. ನಿಸ್ಸಾನಿನ ಫೇರ್‌ಲೇಡಿ ಪೊಲೀಸರ ಬಣ್ಣ ತೊಟ್ಟು ಮುಂದೆ ‘ಪ್ರೌಲ್’ ಆಯಿತು. ಲಾಂಚಿಯಾ ಸ್ಟ್ರಾಟೋಸ್ ‘ವ್ಹೀಲ್‌ಜ್ಯಾಕ್’ ಆಯಿತು. ಪಂದ್ಯದ ಪೋರ್ಷೆ 935 ‘ಜ್ಯಾಜ್’ ಆಯಿತು. ಫ್ರಾನ್ಸಿನ ಲಿಜಿಯೇ ಫಾರ್ಮುಲಾ ಒನ್ ಕಾರು ‘ಮಿರಾಜ್’ ಆಯಿತು. ಹೋಂಡಾ ಸಿಟಿ ‘ಸ್ಕಿಡ್ಸ್’ ಆಯಿತು. ಮೈಕ್ರೋಮ್ಯಾನಿನ ವಂಶದಿಂದ 1983ರಲ್ಲಿ ಬಂದ ‘ಮೈಕ್ರೋ ಚೇಂಜ್’ ಶಾಖೆಯ ಕಿರುಕಾರುಗಳಲ್ಲಿ ಒಂದಾಗಿದ್ದ, ಗಿಡ್ಡನೆಯ ಗುಂಡುಮೈಯ ಫೋಕ್ಸ್‌ವ್ಯಾಗನ್ ಬೀಟಲ್ ಜಗತ್ಪ್ರಸಿದ್ಧನಾದ ‘ಬಂಬಲ್‌ಬೀ’ ಆಯಿತು. ಜಪಾನಿನ ಪೆಟ್ಟಿಗೆಗಳ ಮೇಲೆ ಈ ಕಾರುಗಳ ನಿಜನಾಮಗಳೇ ಅಚ್ಚಾಗಿದ್ದವು. ಅಲ್ಲಿ ಮಗು ಕೊಳ್ಳುತ್ತಿದ್ದುದು ಕೌಂಟಾಚನ್ನು. ಅದು ರೋಬಾಟೂ ಆಗುವುದೆಂಬುದು ಅದರ ಮೇಲಿನ ಲಾಭ.

ಪಂದ್ಯದ ಕಾರುಗಳ ವಿಷಯದಲ್ಲಿ ಒಂದು ಸೂಕ್ಷ್ಮವಿದ್ದಿತು. ಅವುಗಳ ಮೈಮೇಲಿನ ಬಣ್ಣವೂ ಬರಹವೂ ಅಲಂಕಾರವಲ್ಲ, ಹಣ ತೆತ್ತು ಹಾಕಿಸಿದ ಜಾಹೀರಾತುಗಳು. ಲಿಜಿಯೇ ಕಾರಿನ ಮೇಲಿದ್ದುದು ಜಿಟಾನ್ ಎಂಬ ಫ್ರೆಂಚ್ ಸಿಗರೇಟಿನ ಹೆಸರು. ಪೋರ್ಷೆಯ ಮೇಲಿದ್ದುದು ಮಾರ್ಟಿನಿ ಎಂಬ ಮದ್ಯದ ಹೆಸರು. ಮೂಲಕ್ಕೆ ನಿಷ್ಠವಾಗಿರಬೇಕಾದರೆ ಮಕ್ಕಳ ಆಟಿಕೆಯ ಮೇಲೆ ಹೊಗೆಸೊಪ್ಪನ್ನೂ ಮದ್ಯವನ್ನೂ ಅಂಟಿಸಬೇಕು. ಬಿಟ್ಟರೆ ಕಾರು ಕಾರಿನಂತೆ ಕಾಣದು. ಆಟಿಕೆಯವರು ಕಂಡುಕೊಂಡ ಪರಿಹಾರ ಬಹು ಸರಳವಾಗಿದ್ದಿತು: ಮಿರಾಜನ ಚೀಟಿಯಲ್ಲಿ ಇಂಗ್ಲಿಷಿನ ‘ಜಿ’ ಅಕ್ಷರ ‘ಸಿ’ ಆಯಿತು, ಜ್ಯಾಜನ ಚೀಟಿಯಲ್ಲಿ ಮಾರ್ಟಿನಿಯ ಕೊನೆಗೆ ‘ಐ’ ಅಕ್ಷರವೊಂದು ಹೆಚ್ಚಾಯಿತು. ದೂರದಿಂದ ನೋಡುವವನ ಕಣ್ಣಿಗೆ ಅದೇ ಹೆಸರು, ಹತ್ತಿರದಿಂದ ಓದುವ ವಕೀಲನ ಕಣ್ಣಿಗೆ ಬೇರೆ ಹೆಸರು. ಮುಂದೆ ಬರಲಿದ್ದ ದೊಡ್ಡ ವ್ಯಾಜ್ಯಗಳ ಬೀಜ ಈ ಅಂಗುಲದಗಲದ ಚೀಟಿಯಲ್ಲಿಯೇ ಇದ್ದಿತು.

1983ರ ಟೋಕಿಯೋ ಆಟಿಕೆ ಪ್ರದರ್ಶನದಲ್ಲಿ ಹ್ಯಾಸ್ಬ್ರೋದವರ ದೃಷ್ಟಿ ಈ ಸರಣಿಗಳ ಮೇಲೆ ಬಿದ್ದಿತು. ಇವುಗಳನ್ನು ಅಮೆರಿಕಕ್ಕೆ ತರಬೇಕೆಂದು ಪಟ್ಟುಹಿಡಿದು ಎರಡು ಸಂಸ್ಥೆಗಳನ್ನು ಕೂಡಿಸಿದವನು ಹೆನ್ರಿ ಓರೆನ್‌ಸ್ಟೈನ್; ನಾಜಿಗಳ ಸೆರೆಶಿಬಿರಗಳಿಂದ ಬದುಕಿ ಬಂದು, ಅಮೆರಿಕದಲ್ಲಿ ಆಟಿಕೆಗಳ ಕಲ್ಪಕನೆಂದು ಹೆಸರು ಪಡೆದಿದ್ದ ವ್ಯಕ್ತಿ. ತನ್ನ ಸೈನಿಕನ ಬೊಂಬೆಯನ್ನು ಜಪಾನಿಗೆ ಕೊಟ್ಟ ಸಂಸ್ಥೆ, ಆ ಬೊಂಬೆಯ ಮೊಮ್ಮಕ್ಕಳನ್ನು ಈಗ ಜಪಾನಿನಿಂದ ಮರಳಿ ಪಡೆಯಿತು. ಅವುಗಳಿಗೆ ಕಥೆ ಕಟ್ಟುವ ಕಾರ್ಯ ಮಾರ್ವೆಲ್ ಪ್ರಕಾಶನದ ಪಾಲಿಗೆ ಬಂದಿತು. ಜಿಮ್ ಶೂಟರ್ ಕಥೆಯ ಚೌಕಟ್ಟನ್ನು ಬರೆದನು. ಡೆನಿಸ್ ಓನೀಲ್ ‘ಆಪ್ಟಿಮಸ್ ಪ್ರೈಮ್’ ಎಂಬ ನಾಯಕನ ಹೆಸರನ್ನು ಕೊಟ್ಟನು. ಉಳಿದ ಬಹುತೇಕ ಪಾತ್ರಗಳಿಗೆ ನಾಮವನ್ನೂ ಸ್ವಭಾವವನ್ನೂ ದಯಪಾಲಿಸಿದವನು ಬಾಬ್ ಬುಡಿಯಾನ್ಸ್ಕಿ. ಇವರ ಕಥೆಯಲ್ಲಿ ಚಾಲಕನಿಲ್ಲ. ಯಂತ್ರಮಾನವನೇ ಪರಲೋಕದಿಂದ ಬಂದ ಸಜೀವ ಪುರುಷ. ಕಾರು ಅವನು ಭೂಮಿಯಲ್ಲಿ ಮರೆಸಿಕೊಂಡಿರಲು ತೊಟ್ಟ ವೇಷ. ದೂರದರ್ಶನದ ಜಾಹೀರಾತುಗಳ ಮೇಲಿದ್ದ ನಿರ್ಬಂಧಗಳನ್ನು ಅಮೆರಿಕದ ಸರಕಾರ ಅದೇ ಕಾಲದಲ್ಲಿ ಸಡಿಲಿಸಿದುದರಿಂದ, 1984ರ ಸೆಪ್ಟೆಂಬರಿನಲ್ಲಿ ಈ ಆಟಿಕೆಗಳ ಸಾಹಸಗಳು ಪ್ರತ್ಯೇಕ ಕಾರ್ಯಕ್ರಮವಾಗಿಯೇ ಪ್ರಸಾರವಾಗತೊಡಗಿದವು.

ಹೆಸರಿಡುವ ಈ ಕೆಲಸ ಕಥೆಗಾರನ ವಿನೋದದಂತೆ ಕಂಡರೂ ಸ್ವತ್ತಿನ ದೃಷ್ಟಿಯಿಂದ ಅದರಷ್ಟು ದೂರಗಾಮಿಯಾದ ಕಾರ್ಯ ಮತ್ತೊಂದಿಲ್ಲ. ಕೌಂಟಾಚ್ ಎಂಬುದು ಇಟಲಿಯವರ ಹೆಸರು. ಸೈಡ್‌ಸ್ವೈಪ್ ಎಂಬುದು ಹ್ಯಾಸ್ಬ್ರೋದ ಹೆಸರು. ಮಗುವಿನ ಪ್ರೀತಿ ಮೊದಲನೆಯದರಿಂದ ಎರಡನೆಯದಕ್ಕೆ ವರ್ಗವಾದೊಡನೆ, ಬೇರೆಯವರ ಕಾರು ಮರೆಯಾಗಿ ತಮ್ಮ ಪಾತ್ರ ಉಳಿಯಿತು. ಬೀಟಲಿನ ಮೂತಿಯ ಮೇಲೆ ಫೋಕ್ಸ್‌ವ್ಯಾಗನ್ನಿನ ಮುದ್ರೆಯಿರಬೇಕಾದಲ್ಲಿ ದೂರದರ್ಶನದ ಕಥೆಯಲ್ಲಿ ಯಂತ್ರಮಾನವರ ಪಂಗಡದ ಲಾಂಛನ ಬಂದದ್ದು ಈ ವರ್ಗಾವಣೆಯ ಸಂಕೇತವೆಂದೇ ಹೇಳಬಹುದು. ಕಾರಿನ ಕಂಪೆನಿಗಳು ಈ ಬಗೆಯ ಅನುಕರಣವನ್ನು ಅಂದು ದೊಡ್ಡ ಅಪರಾಧವೆಂದು ಎಣಿಸುತ್ತಿರಲಿಲ್ಲ. ಮಗುವಿನ ಕೈಗೆ ತಮ್ಮ ಕಾರಿನ ಆಕಾರ ಸೇರುವುದು ವೆಚ್ಚವಿಲ್ಲದ ಪ್ರಚಾರವೆಂಬ ಭಾವನೆ ಆ ಉದ್ಯಮದಲ್ಲಿ ಬಹುಕಾಲದಿಂದ ಬೇರೂರಿದ್ದಿತು. ಮೊದಲ ತೊಡಕು ಹುಟ್ಟಿದುದು ಕಾರಿನವರಿಂದಲ್ಲ, ಎದುರಾಳಿ ಆಟಿಕೆಯವರಿಂದ. ‘ಜೆಟ್‌ಫೈರ್’ ಎಂಬ ವಿಮಾನರೂಪದ ರೋಬಾಟು ಟಕಾರಾದ ಸೃಷ್ಟಿಯಾಗಿರದೆ ಟಕಟೋಕು ಎಂಬ ಸಂಸ್ಥೆ ಮಾಕ್ರಾಸ್ ಎಂಬ ಜಪಾನೀ ಕಥೆಗಾಗಿ ಎರಕ ಹೊಯ್ದದ್ದು; ಆ ಅಚ್ಚು ಟಕಾರಾದ ಪ್ರತಿಸ್ಪರ್ಧಿಯಾದ ಬಂಡಾಯ್ ಸಂಸ್ಥೆಯ ವಶಕ್ಕೆ ಹೋಯಿತು; ಆದ್ದರಿಂದ ದೂರದರ್ಶನದ ಕಥೆಯಲ್ಲಿ ಅದೇ ಪಾತ್ರ ಬೇರೆ ಆಕಾರವನ್ನೂ ‘ಸ್ಕೈಫೈರ್’ ಎಂಬ ಬೇರೆ ಹೆಸರನ್ನೂ ತಾಳಬೇಕಾಯಿತು.

1986ರಲ್ಲಿ ಬಂದ ಚಲನಚಿತ್ರ ಹಳೆಯ ಕಾರುಗಳಲ್ಲಿ ಅನೇಕವನ್ನು ಕಥೆಯಲ್ಲಿಯೇ ಕೊಂದುಹಾಕಿತು. ಅವುಗಳ ಸ್ಥಾನಕ್ಕೆ ಬಂದ ‘ಹಾಟ್ ರಾಡ್’ ಮೊದಲಾದವರು ಭವಿಷ್ಯತ್ಕಾಲದ ವಾಹನಗಳು. ಯಾವ ಕಾರ್ಖಾನೆಯಲ್ಲಿಯೂ ತಯಾರಾಗದವು, ಆದ್ದರಿಂದ ಯಾರ ಸ್ವತ್ತೂ ಅಲ್ಲದವು. ಹತ್ತು ವರ್ಷಗಳ ಅನಂತರ, 1996ರಲ್ಲಿ, ಯಂತ್ರಮಾನವರು ಕಾರಿನ ವೇಷವನ್ನೇ ತ್ಯಜಿಸಿ ಗೊರಿಲ್ಲ, ಚಿರತೆ, ಡೈನೋಸಾರುಗಳ ರೂಪವನ್ನು ಧರಿಸಿದರು. ಮೃಗಗಳ ಆಕಾರಕ್ಕೆ ಪರವಾನಗಿ ಕೇಳುವವರು ಯಾರೂ ಇಲ್ಲವಷ್ಟೆ. 2001ರಲ್ಲಿ ಕಾರುಗಳು ಮರಳಿ ಬಂದಾಗ ‘ಸೈಡ್ ಬರ್ನ್’ ಎಂಬುದು ಡಾಜ್ ವೈಪರನ್ನು ಬಲವಾಗಿ ಹೋಲುತ್ತಿದ್ದರೂ ಅದನ್ನು ವೈಪರೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೋಲಿಕೆಯಿದ್ದೂ ಹೆಸರಿಲ್ಲದ ಈ ಸ್ಥಿತಿಗೆ ಕಾರಣ ಕಾಲ ಬದಲಾದುದೇ. ಅಮೆರಿಕದ 1946ರ ಲ್ಯಾನ್‌ಹ್ಯಾಮ್ ಶಾಸನದ ಅಡಿಯಲ್ಲಿ ಹೆಸರು ಮತ್ತು ಲಾಂಛನಗಳಿಗೆ ಮಾತ್ರವಲ್ಲದೆ, ಜನ ನೋಡಿದೊಡನೆ ತಯಾರಕನನ್ನು ಗುರುತಿಸುವಂತಹ ಬಾಹ್ಯಸ್ವರೂಪಕ್ಕೂ ರಕ್ಷಣೆಯುಂಟೆಂದು ನ್ಯಾಯಾಲಯಗಳು ಒಪ್ಪಿದುವು. ಕಾರಿನ ಕಂಪೆನಿಗಳು ಪರವಾನಗಿಯನ್ನು ಮಾರುವುದಕ್ಕೆಂದೇ ಪ್ರತ್ಯೇಕ ವಿಭಾಗಗಳನ್ನು ತೆರೆದುವು. ಟೀ ಶರ್ಟು, ವಿಡಿಯೋ ಆಟ, ಆಟಿಕೆ, ಎಲ್ಲವೂ ವರಮಾನದ ಮೂಲಗಳಾದುವು.

ಈ ಪರಿವರ್ತನೆಯನ್ನು ತಲೆಬಾಗಿ ಒಪ್ಪಿಕೊಂಡ ಮೊದಲ ದೊಡ್ಡ ಪ್ರಯತ್ನವೆಂದರೆ 2003ರ ಕೊನೆಯಲ್ಲಿ ಟಕಾರಾ ಹೊರಡಿಸಿದ ‘ಬೈನಲ್‌ಟೆಕ್’. ಹ್ಯಾಸ್ಬ್ರೋ ಅದನ್ನೇ ‘ಆಲ್ಟರ್ನೇಟರ್ಸ್’ ಎಂದು ಮಾರಿತು. ಇವು 1:24ರ ಪ್ರಮಾಣದ ಮಾದರಿಕಾರುಗಳು; ಬಾಗಿಲು, ಬಾನೆಟ್ಟು, ಡಿಕ್ಕಿ ತೆರೆಯುವುವು; ಒಳಗೆ ಆಸನಗಳೂ ಸ್ಟಿಯರಿಂಗೂ ಉಂಟು; ಜಪಾನಿನ ಪ್ರತಿಯಲ್ಲಿ ಲೋಹದ ಭಾಗಗಳಿದ್ದರೆ ಅಮೆರಿಕದ ಪ್ರತಿ ಪೂರ್ಣ ಪ್ಲಾಸ್ಟಿಕ್ಕಿನದು. ಸುಬಾರು ಇಂಪ್ರೆಜಾ, ಡಾಜ್ ವೈಪರ್, ಫೋರ್ಡ್ ಮಸ್ಟಾಂಗ್, ಹೋಂಡಾ ಎಸ್2000, ಮಜ್ದಾ ಆರ್‌ಎಕ್ಸ್-8, ಜೀಪ್ ರ್‍ಯಾಂಗ್ಲರ್, ಎಲ್ಲವೂ ಹೆಸರು, ಮುದ್ರೆ, ಅನುಮತಿಗಳೊಡನೆ ಬಂದುವು. ಕದ್ದು ತೊಟ್ಟ ವೇಷಕ್ಕೂ ಬಾಡಿಗೆ ಕೊಟ್ಟು ತೊಟ್ಟ ವೇಷಕ್ಕೂ ಇರುವ ಅಂತರ ಆಟಿಕೆಯ ಮೈಯಲ್ಲಿಯೇ ಕಾಣುತ್ತಿದ್ದಿತು: ಹಿಂದೆ ಅಂದಾಜಿನಿಂದ ಕೊರೆದಿದ್ದ ಜಾಲರಿ ಈಗ ಯಥಾವತ್ತಾಯಿತು, ದೀಪದ ಗಾಜು ಪಾರದರ್ಶಕವಾಯಿತು, ಚಕ್ರದ ಕಡ್ಡಿಗಳ ಸಂಖ್ಯೆಯೂ ಮೂಲಕ್ಕೆ ಸರಿಹೊಂದಿತು.

ಆದರೆ ವಿಧಿಯ ವಿನೋದವನ್ನು ನೋಡಬೇಕು. ಕಾರಿನ ಹೆಸರನ್ನು ಹಣ ಕೊಟ್ಟು ಪೆಟ್ಟಿಗೆಯ ಮೇಲೆ ತಂದ ಹೊತ್ತಿಗೆ ರೋಬಾಟಿನ ಹಳೆಯ ಹೆಸರುಗಳು ಸಂಸ್ಥೆಯ ಕೈತಪ್ಪಿದ್ದುವು. ಅಮೆರಿಕದ ಶಾಸನದ ಪ್ರಕಾರ ವ್ಯಾಪಾರಚಿಹ್ನೆಯೊಂದನ್ನು ಮೂರು ವರ್ಷ ಎಡೆಬಿಡದೆ ಬಳಸದಿದ್ದರೆ ಅದನ್ನು ಪರಿತ್ಯಕ್ತವೆಂದು ಊಹಿಸಬಹುದು. ಮೃಗರೂಪಗಳ ಕಾಲದಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಹೆಸರುಗಳನ್ನು ಬೇರೆ ವ್ಯಾಪಾರಿಗಳು ಎತ್ತಿಕೊಂಡಿದ್ದರು. ಹೀಗಾಗಿ ಮಜ್ದಾ ಕಾರಿನ ವೇಷದಲ್ಲಿ ಮರಳಿದ ಜ್ಯಾಜ್ ತನ್ನ ಹೆಸರನ್ನು ತೊಡಲಾರದೆ, ಜಪಾನಿನಲ್ಲಿ ತನಗಿದ್ದ ‘ಮೈಸ್ಟರ್’ ಎಂಬ ನಾಮವನ್ನು ಆಶ್ರಯಿಸಿದನು. ‘ಬ್ಲೂಸ್ಟ್ರೀಕ್’ ಎಂಬಾತ ‘ಸಿಲ್ವರ್‌ಸ್ಟ್ರೀಕ್’ ಆದನು. 1984ರಲ್ಲಿ ಪಾತ್ರಕ್ಕೆ ಹೆಸರಿದ್ದು ಕಾರಿಗೆ ಹೆಸರಿರಲಿಲ್ಲ. 2004ರಲ್ಲಿ ಕಾರಿಗೆ ಹೆಸರಿದ್ದು ಪಾತ್ರಕ್ಕೆ ಹೆಸರಿರಲಿಲ್ಲ.

ಪರವಾನಗಿಯ ಈ ಪದ್ಧತಿ ನ್ಯಾಯದ ದೃಷ್ಟಿಯಿಂದ ಎಷ್ಟರಮಟ್ಟಿಗೆ ಅನಿವಾರ್ಯವಾದುದು ಎಂಬ ಪ್ರಶ್ನೆಯನ್ನು ಇದೇ ವರ್ಷಗಳಲ್ಲಿ ಎರಡು ಖಂಡಗಳ ನ್ಯಾಯಾಲಯಗಳು ಎದುರಿಸಿದುವು. ಇವು ಯಂತ್ರಮಾನವರ ಮೇಲಿನ ವ್ಯಾಜ್ಯಗಳಲ್ಲ, ಸಾಮಾನ್ಯ ಆಟದ ಕಾರುಗಳ ಮೇಲಿನವು. ಆದರೆ ಅವುಗಳ ತತ್ತ್ವ ಎಲ್ಲಕ್ಕೂ ಸಮಾನವಾದುದು. ಅಮೆರಿಕದಲ್ಲಿ ಲ್ಯಾನಾರ್ಡ್ ಎಂಬ ಆಟಿಕೆ ಸಂಸ್ಥೆ ‘ಮಡ್‌ಸ್ಲಿಂಗರ್’ ಎಂಬ ಸೈನಿಕ ವಾಹನವನ್ನು ಮಾರುತ್ತಿದ್ದಿತು. ಹಮ್ಮರ್ ಎಂಬ ಹೆಸರು ಅದರ ಮೇಲಿರದಿದ್ದರೂ ಜಾಲರಿ, ಇಳಿಜಾರಾಗಿ ಎತ್ತರಿಸಿದ ಬಾನೆಟ್ಟು, ಎರಡು ಭಾಗವಾದ ಮುಂಗಾಜು, ಚೌಕವಾದ ಅಂಚುಗಳು ಎಲ್ಲವೂ ಹಮ್ಮರಿನವೇ ಎಂದು ಜನರಲ್ ಮೋಟಾರ್ಸ್ ದಾವೆ ಹೂಡಿತು. ಆ ಆಕಾರ ಸೈನ್ಯದ ಉಪಯೋಗಕ್ಕಾಗಿ ಹುಟ್ಟಿದುದು, ಅಲಂಕಾರಕ್ಕಲ್ಲ, ಆದ್ದರಿಂದ ಯಾರ ಸ್ವತ್ತೂ ಆಗಲಾರದು ಎಂಬ ಪ್ರತಿವಾದವನ್ನು ಮೇಲ್ಮನವಿಯ ನ್ಯಾಯಾಲಯ 2006ರಲ್ಲಿ ತಳ್ಳಿಹಾಕಿ, ಆಟಿಕೆಯವರ ವಿರುದ್ಧ ತೀರ್ಪಿತ್ತಿತು.

ಜರ್ಮನಿಯಲ್ಲಿ ಫಲ ಬೇರೆಯಾಯಿತು. ಆಟಿಕೆಗಳ ತವರೆಂದು ಖ್ಯಾತವಾದ ನ್ಯೂರೆಂಬರ್ಗಿನ ನ್ಯಾಯಾಲಯದಲ್ಲಿ ಓಪೆಲ್ ಕಂಪೆನಿ ಆಟೆಕ್ ಎಂಬ ತಯಾರಕನ ಮೇಲೆ ದಾವೆ ಹೂಡಿದುದು 2004ರಲ್ಲಿ ತನ್ನ ಗಮನಕ್ಕೆ ಬಂದ ದೂರನಿಯಂತ್ರಿತ ಆಟದ ಕಾರೊಂದರ ನಿಮಿತ್ತವಾಗಿ. ಅದು ಓಪೆಲ್ ಆಸ್ಟ್ರಾದ 1:24ರ ಪ್ರತಿರೂಪ; ಮೂಲದಂತೆಯೇ ಅದರ ಜಾಲರಿಯ ಮೇಲೆ ಮಿಂಚಿನ ಲಾಂಛನವಿದ್ದಿತು; ತಯಾರಕನ ಸ್ವಂತ ಮುದ್ರೆ ಪ್ರತ್ಯೇಕವಾಗಿ ಬಳಕೆಯ ಕೈಪಿಡಿಯ ಮೇಲೂ ನಿಯಂತ್ರಕದ ಮೇಲೂ ಇದ್ದಿತು. ಓಪೆಲ್ ಆ ಲಾಂಛನವನ್ನು ವಾಹನಗಳಿಗೆ ಮಾತ್ರವಲ್ಲದೆ ಆಟಿಕೆಗಳಿಗೂ ನೋಂದಾಯಿಸಿದ್ದಿತು. ಪ್ರಶ್ನೆ ಲಕ್ಸೆಂಬರ್ಗಿನ ಯೂರೋಪಿಯನ್ ನ್ಯಾಯಾಲಯವನ್ನು ಮುಟ್ಟಿತು. 2007ರ ಜನವರಿ 25ರಂದು ಅದು ಕೊಟ್ಟ ಉತ್ತರದ ಸಾರ ಇದು: ಚಿಹ್ನೆಯ ಮುಖ್ಯ ಧರ್ಮ ವಸ್ತುವಿನ ಮೂಲವನ್ನು ತಿಳಿಸುವುದು, ಆಟದ ಕಾರಿನ ಮೇಲಿನ ಲಾಂಛನವನ್ನು ಕೊಳ್ಳುವವನು ಆಟಿಕೆಯ ತಯಾರಕನ ಗುರುತೆಂದು ತಿಳಿಯದೆ ನಿಜಕಾರಿನ ಪ್ರತಿರೂಪದ ಒಂದು ಅಂಶವೆಂದು ಮಾತ್ರ ತಿಳಿಯುವುದಾದರೆ, ಆ ಧರ್ಮಕ್ಕೆ ಭಂಗವಿಲ್ಲ, ಆದರೆ ಕಾರಿನ ಕೀರ್ತಿಯಿಂದ ಅನ್ಯಾಯವಾದ ಲಾಭವನ್ನು ಪಡೆಯಲಾಗಿದೆಯೆ ಎಂಬುದನ್ನು ದೇಶೀಯ ನ್ಯಾಯಾಲಯ ಪರೀಕ್ಷಿಸಬೇಕು. ಪರೀಕ್ಷೆಯ ಅಂತ್ಯದಲ್ಲಿ, 2010ರ ಜನವರಿಯಲ್ಲಿ, ಜರ್ಮನಿಯ ಸರ್ವೋಚ್ಚ ನ್ಯಾಯಪೀಠ ಓಪೆಲಿನ ಕೋರಿಕೆಯನ್ನು ತಿರಸ್ಕರಿಸಿತು. ಮಾದರಿಯ ಆಟಿಕೆಗಳು ಮೂಲಕ್ಕೆ ನಿಷ್ಠವಾಗಿರುವುದು ಆ ದೇಶದ ಗ್ರಾಹಕರಿಗೆ ತಲೆಮಾರುಗಳಿಂದ ಅಭ್ಯಾಸವಾದ ಸಂಗತಿಯೆಂಬುದು ಈ ವಿವೇಚನೆಯ ಹಿನ್ನೆಲೆಯಲ್ಲಿದ್ದಿತು. ಅಮೆರಿಕದಲ್ಲಿಯೂ ಕೂಡ, ಹಮ್ಮರಿನ ಸೈನಿಕ ಮೂಲವಾದ ಹಮ್‌ವೀ ವಾಹನವನ್ನು ತನ್ನ ಯುದ್ಧದ ವಿಡಿಯೋ ಆಟದಲ್ಲಿ ತೋರಿಸಿದ ಆಕ್ಟಿವಿಷನ್ ಸಂಸ್ಥೆಯ ಪರವಾಗಿ ನ್ಯೂಯಾರ್ಕಿನ ನ್ಯಾಯಾಲಯ 2020ರಲ್ಲಿ ತೀರ್ಪಿತ್ತು, ಕಲಾಕೃತಿಯಲ್ಲಿ ವಾಸ್ತವತೆಗೆ ಇರುವ ಬೆಲೆಯನ್ನು ಎತ್ತಿಹಿಡಿಯಿತು. ಪ್ಲಾಸ್ಟಿಕ್ಕಿನ ಹಮ್ಮರಿಗೆ ದೊರೆಯದ ಸ್ವಾತಂತ್ರ್ಯ ಪರದೆಯ ಮೇಲಿನ ಹಮ್‌ವೀಗೆ ದೊರೆಯಿತು.

ಶಾಸ್ತ್ರದ ಮಾತು ಹೀಗಿರಲು, ವ್ಯಾಪಾರದ ಮಾತು ತನ್ನ ದಾರಿಯನ್ನು ತಾನೇ ಹಿಡಿಯಿತು. 2007ರಲ್ಲಿ ಮೈಕಲ್ ಬೇ ನಿರ್ದೇಶಿಸಿದ ಚಲನಚಿತ್ರದಲ್ಲಿ ಜನರಲ್ ಮೋಟಾರ್ಸಿನ ವಾಹನಗಳು ಸಾಲುಗಟ್ಟಿ ಬಂದುವು: ಬಂಬಲ್‌ಬೀ ಷೆವರ್ಲೆ ಕ್ಯಾಮರೋ ಆದನು, ಜ್ಯಾಜ್ ಪಾಂಟಿಯಾಕ್ ಸಾಲ್‌ಸ್ಟಿಸ್ ಆದನು, ರ್‍ಯಾಚೆಟ್ ಹಮ್ಮರ್ ಆದನು, ಐರನ್‌ಹೈಡ್ ಜಿ.ಎಂ.ಸಿ. ಟ್ರಕ್ಕಾದನು. ಬೀಟಲ್ ಎಂದರೆ ಜನರಿಗೆ ಹರ್ಬೀ ಎಂಬ ಹಳೆಯ ಹಾಸ್ಯಚಿತ್ರದ ಕಾರು ನೆನಪಾಗುವುದೆಂದು ನಿರ್ದೇಶಕ ಅದನ್ನು ಒಲ್ಲದೆ ಹೋದನು. ಚಿತ್ರದ ಆರಂಭದಲ್ಲಿ ಹಳೆಯ ಕಾರುಗಳ ಅಂಗಡಿಯಲ್ಲಿ ಕ್ಯಾಮರೋ ತನ್ನ ಬಾಗಿಲಿನಿಂದ ಪಕ್ಕದ ಹಳದಿ ಬೀಟಲನ್ನು ಗುದ್ದುವ ದೃಶ್ಯ ಪಾತ್ರದ ಪೂರ್ವಜನ್ಮಕ್ಕೆ ಹೇಳಿದ ವಿದಾಯದಂತಿದೆ. ಬಂಬಲ್‌ಬೀ ಅನಂತರ ತಾಳುವ ಹೊಸ ಮಾದರಿಯ ಕ್ಯಾಮರೋ ಚಿತ್ರ ತೆರೆಕಂಡಾಗ ಇನ್ನೂ ಮಾರಾಟಕ್ಕೇ ಬಂದಿರಲಿಲ್ಲ. 2009ರಲ್ಲಿ ಅದು ಅಂಗಡಿಗೆ ಬಂದಾಗ ಯಂತ್ರಮಾನವರ ಲಾಂಛನವನ್ನು ಧರಿಸಿದ ವಿಶೇಷ ಆವೃತ್ತಿಯೊಂದನ್ನು ಕಂಪೆನಿಯೇ ಹೊರಡಿಸಿತು. ಕಾರಿನ ಮುದ್ರೆಯನ್ನು ಆಟಿಕೆಯ ಮೇಲೆ ಒತ್ತುವುದಕ್ಕೆ ಅನುಮತಿ ಬೇಡುತ್ತಿದ್ದವರ ಮುದ್ರೆಯನ್ನು ಈಗ ನಿಜವಾದ ಕಾರು ತೊಟ್ಟುಕೊಂಡಿತು.

ಆದರೆ ಆ ವರ್ಷ ಜನರಲ್ ಮೋಟಾರ್ಸಿಗೆ ಶುಭಕರವಾಗಿರಲಿಲ್ಲ. 2009ರ ಜೂನ್ 1ರಂದು ಅದು ದಿವಾಳಿತನದ ರಕ್ಷಣೆಯನ್ನು ಕೋರಿತು. ಅದೇ ತಿಂಗಳಿನಲ್ಲಿ ಸರಣಿಯ ಎರಡನೆಯ ಚಿತ್ರ ತೆರೆಕಂಡಿತು. ಪಾಂಟಿಯಾಕ್ ಎಂಬ ಹೆಸರನ್ನು ಕಂಪೆನಿ ಮುಚ್ಚಿತು. ಹಮ್ಮರಿಗೂ ಮರುವರ್ಷ ಅದೇ ಗತಿಯಾಯಿತು. ಹಮ್ಮರಿನ ಆಕಾರಕ್ಕಾಗಿ ಆಟಿಕೆಯವರನ್ನು ನ್ಯಾಯಾಲಯಕ್ಕೆಳೆದು ಗೆದ್ದ ಸಂಸ್ಥೆಗೆ ಆ ಆಕಾರದ ನಿಜವಾಹನವನ್ನು ನಾಲ್ಕೇ ವರ್ಷಗಳ ಮಟ್ಟಿಗೂ ಉಳಿಸಿಕೊಳ್ಳಲಾಗಲಿಲ್ಲ. ಪಾಂಟಿಯಾಕಿನ ವೇಷ ತೊಟ್ಟಿದ್ದ ಜ್ಯಾಜನಾದರೋ ಇಂದಿಗೂ ಹೊಸ ಹೊಸ ವೇಷದಲ್ಲಿ ಮಾರಾಟವಾಗುತ್ತಿದ್ದಾನೆ.

ಅನಂತರದ ಇತಿಹಾಸವನ್ನು ಸಂಕ್ಷೇಪಿಸಬಹುದು. ಮುಂದಿನ ಚಿತ್ರಗಳಲ್ಲಿ ಫೆರಾರಿ, ಮರ್ಸಿಡೀಸ್, ಲ್ಯಾಂಬೊರ್ಗಿನಿ, ಬುಗಾಟಿಗಳು ಬಂದುವು. ಟಕಾರಾ 2006ರಲ್ಲಿ ಟೋಮಿಯೊಡನೆ ಸೇರಿ ಟಕಾರಾ ಟೋಮಿ ಆದ ಮೇಲೆ, ಬಾಲ್ಯವನ್ನು ಮರೆಯಲಾರದ ಪ್ರೌಢರಿಗೆಂದು ತಯಾರಿಸುವ ‘ಮಾಸ್ಟರ್‌ಪೀಸ್’ ಸರಣಿಯಲ್ಲಿ ಕೌಂಟಾಚ್, ಫೇರ್‌ಲೇಡಿ, ಬೀಟಲುಗಳನ್ನು ಪರವಾನಗಿಯೊಡನೆ ಮರಳಿ ತಂದಿತು; 1982–83ರಲ್ಲಿ ಯಾವ ಆಕಾರಗಳಿಂದ ಆಟ ಆರಂಭವಾಯಿತೋ ಅದೇ ಆಕಾರಗಳಿಗೆ ಈಗ ಬೆಲೆ ಸಂದಾಯವಾಯಿತು. 2018ರ ‘ಬಂಬಲ್‌ಬೀ’ ಚಿತ್ರದಲ್ಲಿ ನಾಯಕ 1967ರ ಬೀಟಲಾಗಿ ಹಿಂದಿರುಗಿದನು. 2023ರ ಚಿತ್ರದಲ್ಲಿ ಮಿರಾಜ್ ಪೋರ್ಷೆ 911ರ ರೂಪವನ್ನು ತಾಳಿದನು. ಪೋರ್ಷೆ ಸಂಸ್ಥೆ ಆ ಚಿತ್ರದೊಡನೆ ತನ್ನ ಹೆಸರನ್ನು ಬಹಿರಂಗವಾಗಿ ಜೋಡಿಸಿತು. ಪರವಾನಗಿ ಕೈಗೂಡದ ಕಡೆ ಹ್ಯಾಸ್ಬ್ರೋ ಇಂದಿಗೂ ಹಳೆಯ ಉಪಾಯವನ್ನೇ ಅವಲಂಬಿಸುವುದುಂಟು: ಜಾಲರಿಯನ್ನು ತುಸು ತಿದ್ದಿ, ದೀಪಗಳನ್ನು ತುಸು ಸರಿಸಿ, ಬಲ್ಲವರಿಗೆ ಯಾವ ಕಾರೆಂಬುದು ತಿಳಿದೂ ನ್ಯಾಯಾಲಯದಲ್ಲಿ ಯಾವ ಕಾರೂ ಅಲ್ಲವೆಂದು ವಾದಿಸಬಹುದಾದ ಒಂದು ರೂಪವನ್ನು ಕಲ್ಪಿಸುವುದು.

ಪರರ ರೂಪಗಳಿಂದ ಬೆಳೆದ ಸಂಸ್ಥೆ ತನ್ನ ನಾಮಗಳ ವಿಷಯದಲ್ಲಿ ಎಷ್ಟು ನಿಷ್ಠುರವಾಯಿತೆಂಬುದನ್ನೂ ಹೇಳದೆ ಈ ಕಥೆ ಪೂರ್ತಿಯಾಗದು. ಆಸುಸ್ ಎಂಬ ಗಣಕಯಂತ್ರದ ಕಂಪೆನಿ ತನ್ನ ಟ್ಯಾಬ್ಲೆಟ್ಟೊಂದಕ್ಕೆ ‘ಟ್ರಾನ್ಸ್‌ಫಾರ್ಮರ್ ಪ್ರೈಮ್’ ಎಂದು ಹೆಸರಿಟ್ಟಾಗ ಹ್ಯಾಸ್ಬ್ರೋ 2011ರ ಡಿಸೆಂಬರಿನಲ್ಲಿ ದಾವೆ ಹೂಡಿತು. ಮಾರಾಟವನ್ನು ತಡೆಯಬೇಕೆಂಬ ಅದರ ಕೋರಿಕೆಯನ್ನು ನ್ಯಾಯಾಧೀಶರು ಮರುವರ್ಷ ಒಪ್ಪಲಿಲ್ಲ. 2017ರಲ್ಲಿ ಡಿ.ಸಿ. ಕಾಮಿಕ್ಸಿನ ‘ಬಂಬಲ್‌ಬೀ’ ಎಂಬ ನಾಯಕಿಯ ಬೊಂಬೆಗಳ ವಿರುದ್ಧ ಅದು ನ್ಯಾಯಾಲಯದ ಬಾಗಿಲು ತಟ್ಟಿತು. ಆ ನಾಯಕಿಯಾದರೋ ಹಳದಿ ಬೀಟಲ್ ರೋಬಾಟು ಹುಟ್ಟುವುದಕ್ಕೆ ಅನೇಕ ವರ್ಷ ಮುಂಚೆಯೇ ಚಿತ್ರಕಥೆಗಳಲ್ಲಿ ಕಾಣಿಸಿಕೊಂಡಿದ್ದವಳು.

ಈ ನಲವತ್ತು ವರ್ಷಗಳ ಲೆಕ್ಕವನ್ನು ಕೂಡಿ ಕಳೆದು ನೋಡಿದರೆ ಯಾರಿಗೆ ಯಾರು ಋಣಿಗಳೆಂಬುದನ್ನು ಹೇಳುವುದು ಸುಲಭವಲ್ಲ. ಕಾರಿನವರು ಆಟಿಕೆಗೆ ರೂಪವನ್ನು ಕೊಟ್ಟರು. ಆಟಿಕೆಯವರು ಕಾರಿಗೆ ಒಂದು ಹೊಸ ತಲೆಮಾರಿನ ಪ್ರೀತಿಯನ್ನು ಕೊಟ್ಟರು. ಪರವಾನಗಿಯಿಂದ ಒಳಿತೂ ಆಗಿದೆ: ವಿನ್ಯಾಸಕನ ಶ್ರಮಕ್ಕೆ ಬೆಲೆ ಬಂದಿತು, ಆಟಿಕೆಯ ನಯ ಹೆಚ್ಚಿತು. ಆದರೆ ಹಣವುಳ್ಳ ಸಂಸ್ಥೆಗೆ ಮಾತ್ರ ವಾಸ್ತವವನ್ನು ಅನುಕರಿಸುವ ಹಕ್ಕು ಎಂದಾದರೆ, ಸಣ್ಣ ತಯಾರಕನಿಗೆ ಉಳಿಯುವುದು ಹೆಸರಿಲ್ಲದ ಕಾರು, ಮುಖವಿಲ್ಲದ ವಾಹನ. ಗ್ರಾಹಕನು ಮೋಸ ಹೋಗದಂತೆ ರಕ್ಷಿಸುವುದಕ್ಕಾಗಿ ಹುಟ್ಟಿದ ಶಾಸನ, ಮೋಸವೇ ಇಲ್ಲದ ಕಡೆ ಬಾಡಿಗೆ ವಸೂಲುಮಾಡುವ ಸಾಧನವಾಗಬಾರದು. ಬೀದಿಯಲ್ಲಿ ಎಲ್ಲರ ಕಣ್ಣೆದುರಿಗೆ ಓಡಾಡುವ ವಸ್ತುವಿನ ಆಕಾರವನ್ನು ಆಟಕ್ಕಾಗಿ ಕಿರಿದುಮಾಡುವುದು ಕಳವಲ್ಲ, ಅದು ಆ ವಸ್ತುವಿಗೆ ಸಲ್ಲಿಸಿದ ಗೌರವ. ಈ ವಿಷಯದಲ್ಲಿ ಜರ್ಮನಿಯ ನ್ಯಾಯಾಧೀಶರು ಹಿಡಿದ ದಾರಿಯೇ ವಿವೇಕದ ದಾರಿ.